ಓಡುವ ಸ್ಕೂಟರ್, ಅರಳುವ ಹಸಿರು ಟಿಕ್, ಇಳಿಯುವ ಗಡಿಯಾರ: ಮೊಬೈಲ್ ಆ್ಯಪ್‌ಗಳ ಅನಿಮೇಷನ್ ಎಷ್ಟು ನಿಜ, ಎಷ್ಟು ಸುಳ್ಳು?

ನವದೆಹಲಿ: ನೋಯ್ಡಾದ ಅಪಾರ್ಟ್‌ಮೆಂಟ್ ಒಂದರಲ್ಲಿ ಕುಳಿತು ಊಟ ಆರ್ಡರ್ ಮಾಡಿದವರ ಮೊಬೈಲಿನಲ್ಲಿ ಪುಟ್ಟ ಸ್ಕೂಟರ್ ನಕ್ಷೆಯ ಮೇಲೆ ಸರಿಯುತ್ತಾ ಬರುತ್ತದೆ. ದೆಹಲಿಯ ಲಕ್ಷ್ಮೀನಗರದ ಚಹಾ ಅಂಗಡಿಯಲ್ಲಿ ಗ್ರಾಹಕರು ಹಣ ಕಳಿಸಿ, ಹಸಿರು ಟಿಕ್ ಅರಳಿದ ಪರದೆಯನ್ನು ಅಂಗಡಿಯವರತ್ತ ತಿರುಗಿಸುತ್ತಾರೆ. ಗುರುಗ್ರಾಮಕ್ಕೆ ಹೊರಟ ಮೆಟ್ರೋದಲ್ಲಿ ನಿಂತವರ ಫೋನಿನಲ್ಲಿ 'ಆಫರ್ ಮುಗಿಯಲು 09:59' ಎಂದು ಕೆಂಪು ಗಡಿಯಾರವೊಂದು ಸೆಕೆಂಡು ಸೆಕೆಂಡಾಗಿ ಇಳಿಯುತ್ತಿರುತ್ತದೆ.

ಮೂರೂ ಅನಿಮೇಷನ್‌ಗಳೇ. ಆದರೆ ಅಲಂಕಾರಕ್ಕೆ ಇಟ್ಟವಲ್ಲ. ಒಂದೊಂದೂ ಒಂದೊಂದು ಸಂಗತಿಯನ್ನು ಹೇಳುತ್ತಿದೆ: 'ಊಟ ಬರುತ್ತಿದೆ', 'ಹಣ ತಲುಪಿತು', 'ಸಮಯ ಮುಗಿಯುತ್ತಿದೆ'. ಇದೇ ಮಾತನ್ನು ಯಾರಾದರೂ ಬಾಯಲ್ಲಿ ಹೇಳಿದರೆ 'ಹೌದಾ?' ಎಂದು ಮರುಪ್ರಶ್ನೆ ಹಾಕುವ ಜನ, ಪರದೆಯ ಮೇಲೆ ಓಡಾಡುವುದನ್ನು ಕಂಡರೆ ಪ್ರಶ್ನಿಸುವುದಿಲ್ಲ. ಕಣ್ಣಾರೆ ಕಂಡಿದ್ದು ಸುಳ್ಳಾಗದು ಎಂಬ ನಂಬಿಕೆ. ಆ್ಯಪ್ ವಿನ್ಯಾಸದಲ್ಲಿ ಚಲನೆಗೆ ಇರುವ ಶಕ್ತಿಯೂ ಇದೇ, ಅಪಾಯವೂ ಇದೇ.

ಜೊಮ್ಯಾಟೊ, ಬ್ಲಿಂಕಿಟ್, ಮೇಕ್‌ಮೈಟ್ರಿಪ್, ಪಾಲಿಸಿಬಜಾರ್‌ಗಳ ಮುಖ್ಯ ಕಚೇರಿ ಇರುವುದು ಗುರುಗ್ರಾಮದಲ್ಲಿ. ಪೇಟಿಎಂ ಮತ್ತು ನೌಕ್ರಿ ಡಾಟ್ ಕಾಮ್ ಇರುವುದು ನೋಯ್ಡಾದಲ್ಲಿ. ಇಂಥ ಆ್ಯಪ್‌ಗಳು ಹೇಗಿರಬೇಕು, ಹೇಗಿರಬಾರದು ಎಂದು ನಿಯಮ ಮಾಡುವ ಸಚಿವಾಲಯಗಳು ದೆಹಲಿಯಲ್ಲಿವೆ. ಬಟನ್ ಒತ್ತಿದಾಗ ಏನು ಕುಣಿಯಬೇಕು, ಎಷ್ಟು ಹೊತ್ತು ಕುಣಿಯಬೇಕು ಎಂದು ಇಲ್ಲಿ ತೀರ್ಮಾನವಾಗುವ ಸಂಗತಿ ಗದಗ, ಕಲಬುರಗಿಯ ಮೊಬೈಲಿನಲ್ಲೂ ಹಾಗೇ ಕಾಣುತ್ತದೆ. ಹಾಗಾಗಿ ಈ ಚಲನೆಯ ಹಿಂದೆ ಏನಿದೆ, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಪರದೆಯ ಮೇಲೆ ಚಲನೆ ಯಾಕೆ ಬೇಕು?

ಮನೆಯ ಸ್ವಿಚ್ ಒತ್ತಿದರೆ 'ಟಕ್' ಎಂಬ ಸದ್ದು ಬರುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಮೊಬೈಲಿನ ಗಾಜಿನ ಮೇಲೆ ಇರುವ ಬಟನ್‌ಗೆ ಇವೆರಡೂ ಇಲ್ಲ. ಒತ್ತಿದ್ದು ತಾಗಿತೋ ಇಲ್ಲವೋ ಎಂದು ತಿಳಿಯದೆ ಜನ ಎರಡು ಸಲ, ಮೂರು ಸಲ ಒತ್ತುತ್ತಾರೆ. ಬಟನ್ ತುಸು ಕುಗ್ಗಿ ಮೇಲೆದ್ದರೆ 'ತಾಗಿತು' ಎಂಬ ಉತ್ತರ ಸಿಗುತ್ತದೆ. ಅನಿಮೇಷನ್‌ನ ಮೊದಲ ಕೆಲಸವೇ ಈ ಉತ್ತರ ಕೊಡುವುದು.

ಎರಡನೆಯದು ಜಾಡು ತೋರಿಸುವುದು. ಒಂದು ಫೋಟೋ ಮುಟ್ಟಿದಾಗ ಅದು ಇದ್ದ ಜಾಗದಿಂದಲೇ ಬೆಳೆದು ಇಡೀ ಪರದೆ ತುಂಬಿದರೆ, ವಾಪಸ್ ಹೋಗುವುದು ಎಲ್ಲಿಗೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದೇ ಫೋಟೋ ಏಕಾಏಕಿ ಪ್ರತ್ಯಕ್ಷವಾದರೆ 'ಎಲ್ಲಿಗೆ ಬಂದೆ?' ಎಂಬ ಗೊಂದಲ. ಮೂರನೆಯದು ಈಗ ಏನು ನಡೆಯುತ್ತಿದೆ ಎಂದು ತಿಳಿಸುವುದು, ಅಂದರೆ ಸುತ್ತುವ ಚಕ್ರ, ತುಂಬುವ ಪಟ್ಟಿ. ನಾಲ್ಕನೆಯದು ಗಮನ ಸೆಳೆಯುವುದು. ಪಾಸ್‌ವರ್ಡ್ ತಪ್ಪಾದಾಗ ಅದನ್ನು ಬರೆಯುವ ಚೌಕ ಅತ್ತಿತ್ತ ಅಲುಗುವುದನ್ನು ನೋಡಿದ್ದೀರಿ. 'ಬೇಡ' ಎಂದು ತಲೆ ಅಲ್ಲಾಡಿಸಿದಂತೆ ಕಾಣುವ ಆ ಚಲನೆಗೆ ಯಾವ ಭಾಷೆಯ ಅನುವಾದವೂ ಬೇಕಿಲ್ಲ.

ದೆಹಲಿ ಮೆಟ್ರೋದ ಹಲವು ರೈಲುಗಳಲ್ಲಿ ಬಾಗಿಲ ಮೇಲೆ ಮಾರ್ಗದ ನಕ್ಷೆ ಇದೆ. ಮುಂದೆ ಬರುವ ನಿಲ್ದಾಣದ ಪುಟ್ಟ ದೀಪ ಮಿನುಗುತ್ತಿರುತ್ತದೆ. ಹಿಂದಿಯೂ ಇಂಗ್ಲಿಷೂ ಬಾರದ, ಕರ್ನಾಟಕದಿಂದ ಮೊದಲ ಸಲ ಬಂದ ಪ್ರಯಾಣಿಕರು ಕೂಡ ಆ ಮಿನುಗು ನೋಡಿ ಇನ್ನೆಷ್ಟು ನಿಲ್ದಾಣ ಉಳಿದಿವೆ ಎಂದು ಎಣಿಸಬಲ್ಲರು. ಒಂದೇ ಒಂದು ಚಲನೆ, ಒಂದೇ ಒಂದು ಅರ್ಥ. ಒಳ್ಳೆಯ ಅನಿಮೇಷನ್ ಅಂದರೆ ಇಷ್ಟೇ.

ಕಾರ್ಟೂನಿನಿಂದ ಫೋನಿಗೆ ಬಂದ ವಿದ್ಯೆ

ಈ ವಿದ್ಯೆ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಕಾರ್ಟೂನಿನಲ್ಲಿ. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ 1981ರಲ್ಲಿ ತಂದ ಪುಸ್ತಕದಲ್ಲಿ ಅನಿಮೇಷನ್‌ನ 12 ಸೂತ್ರಗಳನ್ನು ವಿವರಿಸಿದರು. ಯಾವ ವಸ್ತುವೂ ಒಮ್ಮೆಲೇ ಪೂರ್ತಿ ವೇಗಕ್ಕೆ ಬರುವುದಿಲ್ಲ, ಒಮ್ಮೆಲೇ ನಿಲ್ಲುವುದೂ ಇಲ್ಲ ಎಂಬುದು ಅವುಗಳಲ್ಲೊಂದು. ನಿಲ್ದಾಣಕ್ಕೆ ಬರುವ ರೈಲು ನಿಧಾನವಾಗುತ್ತಾ ನಿಲ್ಲುತ್ತದೆ. ಪರದೆಯ ಮೇಲಿನ ಚೌಕವೂ ಹಾಗೆ ನಿಂತರೆ ಕಣ್ಣಿಗೆ ಸಹಜ ಎನಿಸುತ್ತದೆ. ಒಂದೇ ವೇಗದಲ್ಲಿ ಬಂದು ಗಕ್ಕನೆ ನಿಂತರೆ ಯಂತ್ರದಂತೆ ಕಾಣುತ್ತದೆ.

1987ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸಟರ್ ಈ ಸೂತ್ರಗಳನ್ನು ಕಂಪ್ಯೂಟರ್ ಅನಿಮೇಷನ್‌ಗೆ ಅನ್ವಯಿಸಿ ಪ್ರಬಂಧ ಬರೆದರು. 1993ರಲ್ಲಿ ಬೇ-ವೇ ಚಾಂಗ್ ಮತ್ತು ಡೇವಿಡ್ ಉಂಗರ್ ಎಂಬ ಸಂಶೋಧಕರು ಇವೇ ಸೂತ್ರಗಳು ಕಂಪ್ಯೂಟರಿನ ಕಿಟಕಿ, ಬಟನ್‌ಗಳಿಗೂ ಒಪ್ಪುತ್ತವೆ ಎಂದು ತೋರಿಸಿದರು. 2007ರಲ್ಲಿ ಬಂದ ಐಫೋನ್‌ನಲ್ಲಿ ಪಟ್ಟಿಯ ಕೊನೆ ಮುಟ್ಟಿದಾಗ ಪುಟ ರಬ್ಬರ್‌ನಂತೆ ಎಳೆದು ವಾಪಸಾಗುತ್ತಿತ್ತು. 'ಇಲ್ಲಿಗೆ ಮುಗಿಯಿತು' ಎಂಬುದನ್ನು ಅಕ್ಷರವಿಲ್ಲದೆ ಹೇಳುವ ಕ್ರಮವದು. 2014ರಲ್ಲಿ ಗೂಗಲ್ ತನ್ನ 'ಮೆಟೀರಿಯಲ್ ಡಿಸೈನ್' ನಿಯಮಾವಳಿಯಲ್ಲಿ ಚಲನೆಗೇ ಒಂದು ಭಾಗ ಮೀಸಲಿಟ್ಟಿತು. 2017ರಲ್ಲಿ ಏರ್‌ಬಿಎನ್‌ಬಿ ಕಂಪನಿ 'ಲಾಟಿ' ಎಂಬ ಉಚಿತ ತಂತ್ರಾಂಶವನ್ನು ಬಿಡುಗಡೆ ಮಾಡಿದ ಮೇಲೆ ಕಡಿಮೆ ಗಾತ್ರದ ಫೈಲಿನಲ್ಲೇ ಅನಿಮೇಷನ್ ತುಂಬುವುದು ಸುಲಭವಾಯಿತು. ಆ್ಯಪ್‌ಗಳಲ್ಲಿ ಕುಣಿದಾಟ ಹೆಚ್ಚಲು ಇದೂ ಒಂದು ಕಾರಣ.

ಕಣ್ಣಿನ ಲೆಕ್ಕ: 0.1, 1 ಮತ್ತು 10 ಸೆಕೆಂಡು

ಬಳಕೆದಾರರ ಅನುಭವದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಜೇಕಬ್ ನೀಲ್ಸನ್ 1993ರಲ್ಲಿ ಮೂರು ಮಿತಿಗಳನ್ನು ಮುಂದಿಟ್ಟರು. ಇಂದಿಗೂ ವಿನ್ಯಾಸಕಾರರು ಇವನ್ನು ಬಳಸುತ್ತಾರೆ.

* 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಬಳಕೆದಾರರಿಗೆ 'ತಕ್ಷಣ ಆಯಿತು' ಎನಿಸುತ್ತದೆ.
* 1 ಸೆಕೆಂಡಿನವರೆಗೆ ತಡ ಗೊತ್ತಾಗುತ್ತದೆ, ಆದರೆ ಯೋಚನೆಯ ಸರಣಿ ಕಡಿಯುವುದಿಲ್ಲ.
* 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಎಷ್ಟು ಕೆಲಸ ಮುಗಿದಿದೆ, ಎಷ್ಟು ಬಾಕಿ ಎಂದು ತೋರಿಸಲೇಬೇಕು.

ಪುಟ ಬದಲಾಗುವ, ಮೆನು ತೆರೆಯುವ ಅನಿಮೇಷನ್‌ಗಳು ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡಿನಲ್ಲಿ ಮುಗಿಯುತ್ತವೆ. ಅರ್ಧ ಸೆಕೆಂಡು ದಾಟಿದರೆ ದಿನಕ್ಕೆ ಹತ್ತಾರು ಸಲ ಆ್ಯಪ್ ತೆರೆಯುವವರಿಗೆ ಕಿರಿಕಿರಿ ಶುರುವಾಗುತ್ತದೆ. ಮೊದಲ ಸಲ ಚೆಂದ ಕಂಡದ್ದು ಐವತ್ತನೇ ಸಲಕ್ಕೆ ಅಡ್ಡಿಯಾಗುತ್ತದೆ.

ಇನ್ನೊಂದು ಲೆಕ್ಕ ಫೋನಿನದು. ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸಬೇಕಾದರೆ ಪ್ರತಿ ಚಿತ್ರವನ್ನು ಸುಮಾರು 16.7 ಮಿಲಿಸೆಕೆಂಡಿನಲ್ಲಿ ಸಿದ್ಧಪಡಿಸಬೇಕು. 120 ಸಲವಾದರೆ ಕೇವಲ 8.3 ಮಿಲಿಸೆಕೆಂಡು. ದುಬಾರಿ ಫೋನಿಗೆ ಇದು ಕಷ್ಟವಲ್ಲ. ಕಡಿಮೆ ಬೆಲೆಯ, ಮೆಮೊರಿ ತುಂಬಿದ ಫೋನ್ ಈ ಗಡುವು ತಪ್ಪಿಸಿಕೊಳ್ಳುತ್ತದೆ. ಆಗ ಅದೇ ಅನಿಮೇಷನ್ ತಡವರಿಸುತ್ತದೆ, ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಚೇರಿಯ ಹೊಸ ಫೋನಿನಲ್ಲಿ ನೀರಿನಂತೆ ಹರಿದ ಚಲನೆ, ಅದೇ ಆ್ಯಪ್ ಹಿಡಿದು ದಿನವಿಡೀ ಬಿಸಿಲಲ್ಲಿ ಓಡುವ ಡೆಲಿವರಿ ಸಿಬ್ಬಂದಿಯ ಹಳೇ ಫೋನಿನಲ್ಲಿ ಹಾಗೆ ಕಾಣುವುದಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ತೊಡಕೂ ಒಂದಿದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಚೌಕದಲ್ಲಿ ಪದಗಳು ಮೇಲಿನಿಂದ ಉರುಳಿ ಬರುವಂತೆ ಮಾಡಿದರೆ 'ಕ್ಷ', 'ಸ್ತ್ರ', 'ತ್ತ'ಗಳ ಬಾಲ ಕತ್ತರಿಸಿಹೋಗುತ್ತದೆ. ಓಡುವ ಸಾಲಿನಲ್ಲಂತೂ ಕನ್ನಡ ಓದುವುದು ಇನ್ನೂ ತ್ರಾಸು. ದೆಹಲಿಯಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಪರೀಕ್ಷಿಸಿ ಬಿಟ್ಟ ಆ್ಯಪ್‌ನಲ್ಲಿ ಈ ದೋಷ ಪರೀಕ್ಷಕರ ಕಣ್ಣಿಗೇ ಬೀಳದೆ ಉಳಿಯಬಹುದು.

ಕಾಯುವುದನ್ನು ಹಗುರ ಮಾಡುವ ಉಪಾಯ

ಕೆಲಸ ಎಷ್ಟು ಶೇಕಡಾ ಮುಗಿದಿದೆ ಎಂದು ತೋರಿಸುವ ಪಟ್ಟಿ ಬಳಕೆದಾರರಿಗೆ ಸಮಾಧಾನ ತರುತ್ತದೆ ಎಂಬುದನ್ನು 1985ರಲ್ಲೇ ಬ್ರ್ಯಾಡ್ ಮೈಯರ್ಸ್ ಎಂಬ ಸಂಶೋಧಕ ದಾಖಲಿಸಿದ್ದರು. ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದೇ ಅವಧಿಯ ಪಟ್ಟಿಗಳಲ್ಲಿ, ಕೊನೆಗೆ ವೇಗ ಪಡೆದು ತುಂಬುವ ಪಟ್ಟಿ ಬೇಗ ಮುಗಿದಂತೆ ಜನರಿಗೆ ಭಾಸವಾಗುತ್ತದೆ, ಕೊನೆಯಲ್ಲಿ ನಿಂತು ನಿಂತು ಸಾಗುವುದು ಬಹಳ ತಡವಾದಂತೆ ಅನಿಸುತ್ತದೆ ಎಂದು ಕಂಡುಕೊಂಡರು. 2010ರ ಅಧ್ಯಯನದಲ್ಲಿ, ತುಂಬುವ ಪಟ್ಟಿಯೊಳಗೆ ಹಿಂದಕ್ಕೆ ಸರಿಯುವ ಪಟ್ಟೆಗಳನ್ನು ಹಾಕಿದರೆ ಅದೇ ಕಾಯುವಿಕೆ ಶೇ 11ರಷ್ಟು ಕಡಿಮೆ ಎನಿಸುತ್ತದೆ ಎಂಬ ಫಲಿತಾಂಶ ಬಂತು. ಗಡಿಯಾರದ ಸಮಯ ಒಂದು ಸೆಕೆಂಡೂ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರ ಅನಿಸಿಕೆ ಮಾತ್ರ.

2011ರಲ್ಲಿ ರಯಾನ್ ಬ್ಯುಯೆಲ್ ಮತ್ತು ಮೈಕೆಲ್ ನಾರ್ಟನ್ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಪ್ರವಾಸದ ಜಾಲತಾಣವೊಂದು ತಾನು ಒಂದೊಂದೇ ವಿಮಾನ ಸಂಸ್ಥೆಯಲ್ಲಿ ಹುಡುಕುತ್ತಿರುವುದನ್ನು ತೋರಿಸಿದರೆ, ಜನರು ಹೆಚ್ಚು ಕಾಯಬೇಕಾದರೂ ಆ ಸೇವೆಯನ್ನೇ ಹೆಚ್ಚು ಮೆಚ್ಚುತ್ತಾರೆ ಎಂದು ಅದು ಹೇಳಿತು. ತಮಗಾಗಿ ಯಾರೋ ಕಷ್ಟಪಡುತ್ತಿದ್ದಾರೆ ಎಂಬ ಭಾವನೆಯೇ ಇದಕ್ಕೆ ಕಾರಣ.

ಪ್ರಶ್ನೆ ಏಳುವುದು ಇಲ್ಲೇ. ನಿಜವಾಗಿಯೂ ಹುಡುಕಾಟ ನಡೆಯುತ್ತಿದ್ದು, ಅದನ್ನು ತೋರಿಸಿದರೆ ಅದು ಪಾರದರ್ಶಕತೆ. ಫಲಿತಾಂಶ ಆಗಲೇ ಸಿಕ್ಕಿದ್ದರೂ 'ಹುಡುಕುತ್ತಿದ್ದೇವೆ' ಎಂದು ಚಕ್ರ ಸುತ್ತಿಸಿದರೆ ಅದು ನಾಟಕ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ನಕ್ಷೆಯ ಸ್ಕೂಟರ್ ನಿಜಕ್ಕೂ ಅಲ್ಲಿದೆಯೇ?

ಊಟ ತರುವ ಸ್ಕೂಟರ್ ನಕ್ಷೆಯ ಮೇಲೆ ಸಲೀಸಾಗಿ ಜಾರುತ್ತಾ ಬರುವುದನ್ನು ನೋಡಿ, ಪ್ರತಿ ಕ್ಷಣದ ಜಾಗ ತಿಳಿಯುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ಹಾಗಿಲ್ಲ. ಡೆಲಿವರಿ ಸಿಬ್ಬಂದಿಯ ಫೋನ್ ಕೆಲವು ಸೆಕೆಂಡುಗಳಿಗೊಮ್ಮೆ ತನ್ನ ಜಾಗವನ್ನು ಕಳಿಸುತ್ತದೆ. ಹಾಗೆ ಬಂದ ಎರಡು ಬಿಂದುಗಳ ನಡುವಿನ ದಾರಿಯನ್ನು ತುಂಬುವುದು ಅನಿಮೇಷನ್. ಅಂದರೆ ಆ ನಯವಾದ ಓಟದಲ್ಲಿ ಒಂದು ಪಾಲು ಮಾಹಿತಿ, ಉಳಿದದ್ದು ಅಂದಾಜು.

ಬಯಲಲ್ಲಿ ಮೊಬೈಲ್‌ನ ಜಿಪಿಎಸ್ ಸುಮಾರು 5 ಮೀಟರ್ ಒಳಗಿನ ನಿಖರತೆ ಕೊಡಬಲ್ಲದು. ಆದರೆ ಗುರುಗ್ರಾಮದ ಎತ್ತರದ ಕಟ್ಟಡಗಳ ನಡುವೆ, ಫ್ಲೈಓವರ್ ಕೆಳಗೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುತ್ತದೆ ಅಥವಾ ಬರುವುದೇ ಇಲ್ಲ. ಸ್ಕೂಟರ್ ಪಕ್ಕದ ರಸ್ತೆಗೆ ಹಾರಿದಂತೆ, ಕಟ್ಟಡದೊಳಗೆ ನುಗ್ಗಿದಂತೆ, ಹಿಂದಕ್ಕೆ ಹೋದಂತೆ ಕಾಣುವುದು ಇದರಿಂದಲೇ. ಜಿಗಿತ ಕಾಣದಿರಲೆಂದು ಆ್ಯಪ್‌ಗಳು ಬಿಂದುವನ್ನು ಹತ್ತಿರದ ರಸ್ತೆಗೆ ಅಂಟಿಸುತ್ತವೆ.

ಚಲನೆ ತೋರಿಸುವ ನಕ್ಷೆ ಕಾರಣವನ್ನು ತೋರಿಸುವುದಿಲ್ಲ. ಸ್ಕೂಟರ್ ಐದು ನಿಮಿಷ ಅಲುಗದೆ ನಿಂತರೆ ಗ್ರಾಹಕರಿಗೆ ಕಾಣುವುದು ನಿಂತ ಚಿತ್ರವಷ್ಟೇ. ಆ ವ್ಯಕ್ತಿ ಸಿಗ್ನಲ್‌ನಲ್ಲಿ ಇರಬಹುದು, ಹೋಟೆಲ್‌ನಲ್ಲಿ ಇನ್ನೂ ಊಟ ಕಟ್ಟಿಲ್ಲದಿರಬಹುದು, ಸೊಸೈಟಿಯ ಗೇಟಿನಲ್ಲಿ ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿ ಹೆಸರು ಬರೆಯುತ್ತಿರಬಹುದು, ಲಿಫ್ಟ್‌ಗೆ ಕಾಯುತ್ತಿರಬಹುದು. ಪಕ್ಕದಲ್ಲೇ ಕ್ಷಣಗಣನೆ ಇಳಿಯುತ್ತಿದ್ದರೆ ಸಿಟ್ಟು ಬರುವುದು ಆ ವ್ಯಕ್ತಿಯ ಮೇಲೆ. ಕಡಿಮೆ ರೇಟಿಂಗ್ ಬೀಳುವುದೂ ಅವರಿಗೇ. 'ಹೋಟೆಲ್‌ನಲ್ಲಿ ಊಟ ಸಿದ್ಧವಾಗುತ್ತಿದೆ', 'ಗೇಟಿನ ಬಳಿ ಇದ್ದಾರೆ' ಎಂಬ ಒಂದು ಸಾಲು ಜೊತೆಗಿದ್ದರೆ ಚಿತ್ರದ ಅರ್ಥವೇ ಬೇರೆಯಾಗುತ್ತದೆ. ಪರದೆಯ ಮೇಲಿನ ಗೊಂಬೆಯ ಹಿಂದೆ ಒಬ್ಬ ಮನುಷ್ಯ ಇರುವಲ್ಲಿ, ಅನಿಮೇಷನ್ ಹೇಳದೆ ಬಿಟ್ಟದ್ದಕ್ಕೂ ಬೆಲೆ ತೆರುವವರು ಇರುತ್ತಾರೆ.

ಹಸಿರು ಟಿಕ್ ರಸೀದಿಯಲ್ಲ

2016ರಲ್ಲಿ ಶುರುವಾದ ಯುಪಿಐ ಪಾವತಿಯಲ್ಲಿ ಜನರಿಗೆ ಅತಿ ಪರಿಚಿತವಾದ ದೃಶ್ಯ ಎಂದರೆ ಹಣ ಹೋದ ಮೇಲೆ ಅರಳುವ ಟಿಕ್ ಗುರುತು. ಈ ಒಂದು ಸೆಕೆಂಡಿನ ಚಲನೆಯೇ ರಸೀದಿ ಎಂಬಂತೆ ದೇಶದ ಅಂಗಡಿಗಳಲ್ಲಿ ವ್ಯವಹಾರ ನಡೆಯುತ್ತದೆ. ಆದರೆ ಆ ಟಿಕ್ ಮೂಡುವುದು ಹಣ ಕೊಡುವವರ ಫೋನಿನಲ್ಲಿ, ಪಡೆಯುವವರ ಖಾತೆಯಲ್ಲಲ್ಲ.

ಮೋಸಗಾರರು ಹಿಡಿದದ್ದು ಈ ಎಳೆಯನ್ನೇ. ಹೆಸರಾಂತ ಪಾವತಿ ಆ್ಯಪ್‌ಗಳ ಬಣ್ಣ, ಟಿಕ್, ಸದ್ದು ಎಲ್ಲವನ್ನೂ ನಕಲು ಮಾಡಿದ ಆ್ಯಪ್‌ಗಳು ಹುಟ್ಟಿಕೊಂಡವು. ಅಂಗಡಿಯ ಹೆಸರು, ಮೊತ್ತ ತುಂಬಿದರೆ ಸಾಕು, ಪರದೆಯಲ್ಲಿ ಅಸಲಿಯಂತೆಯೇ ಟಿಕ್ ಅರಳುತ್ತದೆ, ಒಂದು ರೂಪಾಯಿಯೂ ಕದಲುವುದಿಲ್ಲ. ಹೀಗೆ ಅಂಗಡಿಗಳಿಗೆ ವಂಚಿಸಿದವರನ್ನು ಹಲವು ನಗರಗಳಲ್ಲಿ ಪೊಲೀಸರು ಬಂಧಿಸಿದ್ದಾರೆ. ಸ್ಥಿರ ಚಿತ್ರವನ್ನು ತೋರಿಸಿದರೆ 'ಸ್ಕ್ರೀನ್‌ಶಾಟ್ ಬೇಡ' ಎನ್ನುವ ಅಂಗಡಿಯವರೂ, ಕಣ್ಣೆದುರೇ ಟಿಕ್ ಅರಳಿದಾಗ ನಂಬಿಬಿಡುತ್ತಾರೆ. ಚಲನೆಯ ಮೇಲಿನ ನಂಬಿಕೆ ಅಷ್ಟು ಗಟ್ಟಿ.

ಇದಕ್ಕೆ ಉತ್ತರವಾಗಿ ಬಂದದ್ದು ಇನ್ನೂ ಚೆಂದದ ಅನಿಮೇಷನ್ ಅಲ್ಲ, ಅಂಗಡಿಯ ಕಟ್ಟೆಯ ಮೇಲೆ ಇಡುವ ಪುಟ್ಟ ಸ್ಪೀಕರ್. ನೋಯ್ಡಾದ ಪೇಟಿಎಂ ಪರಿಚಯಿಸಿದ ಸೌಂಡ್‌ಬಾಕ್ಸ್ ಮಾದರಿಯನ್ನು ನಂತರ ಇತರ ಕಂಪನಿಗಳೂ ಅನುಸರಿಸಿದವು. ಇದು ಕೊಡುವವರ ಫೋನಿನ ಮಾತನ್ನು ಕೇಳುವುದೇ ಇಲ್ಲ. ಪಾವತಿ ವ್ಯವಸ್ಥೆಯಿಂದ ನೇರವಾಗಿ ಸಂದೇಶ ಪಡೆದು 'ಇಷ್ಟು ರೂಪಾಯಿ ಬಂದಿದೆ' ಎಂದು ಕೂಗಿ ಹೇಳುತ್ತದೆ. ಕಲಿಯಬೇಕಾದ ಪಾಠ ಸರಳ: ಪುರಾವೆ ಬರಬೇಕಾದದ್ದು ಹಣ ಪಡೆಯುವವರ ಕಡೆಯಿಂದ, ಕೊಡುವವರ ಪರದೆಯಿಂದಲ್ಲ. ಸ್ಪೀಕರ್ ಇಲ್ಲದವರು ತಮ್ಮದೇ ಆ್ಯಪ್ ಅಥವಾ ಬ್ಯಾಂಕ್ ಖಾತೆಯಲ್ಲಿ ಹಣ ಬಂದದ್ದನ್ನು ನೋಡಿಕೊಂಡೇ ಸರಕು ಕೊಡಬೇಕು.

ಇನ್ನೊಂದು ಪರಿಸ್ಥಿತಿಯೂ ಇದೆ. ಕೊಟ್ಟವರ ಖಾತೆಯಿಂದ ಹಣ ಕಡಿತವಾಗಿರುತ್ತದೆ, ಪಡೆಯಬೇಕಾದವರಿಗೆ ತಲುಪಿರುವುದಿಲ್ಲ. ಇಂಥ ಹೊತ್ತಲ್ಲಿ ಪರದೆಯ ಮೇಲೆ ಸುತ್ತುವ ಚಕ್ರಕ್ಕೂ ಟಿಕ್‌ಗೂ ನಡುವಿನ ವ್ಯತ್ಯಾಸ ಸ್ಪಷ್ಟವಾಗಿರಬೇಕು. 'ಇನ್ನೂ ಇತ್ಯರ್ಥವಾಗಿಲ್ಲ' ಎಂಬುದನ್ನು ಹಸಿರು ಬಣ್ಣದಲ್ಲಿ ತೋರಿಸಿದರೆ ಅಂಗಡಿಯಲ್ಲಿ ಜಗಳ ಖಚಿತ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಹೀಗೆ ಸಿಲುಕಿಕೊಂಡರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗಳಿಗೆ ಕೊಟ್ಟ ಹಣವಾದರೆ 5 ದಿನಗಳೊಳಗೆ ತಾನಾಗಿಯೇ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ಇಳಿಯುವ ಗಡಿಯಾರಕ್ಕೆ ದೆಹಲಿಯ ಕಡಿವಾಣ

ಅನಿಮೇಷನ್ ಸುಳ್ಳು ಹೇಳಿದರೆ ಅದು ಬರೀ ಅಭಿರುಚಿಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ ಎಂಬುದು ಭಾರತದಲ್ಲಿ ಸ್ಪಷ್ಟವಾದದ್ದು 2023ರ ನವೆಂಬರ್ 30ರಂದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂದು 'ಡಾರ್ಕ್ ಪ್ಯಾಟರ್ನ್' ತಡೆ ಮಾರ್ಗಸೂಚಿಯನ್ನು ಅಧಿಸೂಚಿಸಿತು. ಗ್ರಾಹಕರನ್ನು ದಾರಿ ತಪ್ಪಿಸಿ, ಅವರು ಮಾಡಬೇಕೆಂದುಕೊಳ್ಳದ ಕೆಲಸವನ್ನು ಮಾಡಿಸುವ ವಿನ್ಯಾಸದ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿದೆ. ಭಾರತದಲ್ಲಿ ಸರಕು ಅಥವಾ ಸೇವೆ ಒದಗಿಸುವ ಎಲ್ಲ ವೇದಿಕೆಗಳು, ಜಾಹೀರಾತುದಾರರು ಮತ್ತು ಮಾರಾಟಗಾರರಿಗೆ ಇದು ಅನ್ವಯಿಸುತ್ತದೆ.

ಚಲನೆಗೆ ನೇರವಾಗಿ ತಾಗುವುದು ಮುಖ್ಯವಾಗಿ ಮೂರು:

* ಸುಳ್ಳು ತುರ್ತು: ನಿಜವಲ್ಲದ ಕ್ಷಣಗಣನೆ, 'ಇನ್ನು ಎರಡೇ ಉಳಿದಿವೆ' ಎಂಬ ಮಿನುಗು. ಈಗಲೇ ಕೊಳ್ಳದಿದ್ದರೆ ಕೈತಪ್ಪುತ್ತದೆ ಎಂಬ ಗಾಬರಿ ಹುಟ್ಟಿಸುವುದು ಇದರ ಗುರಿ.
* ಪರದೆಯ ವಿನ್ಯಾಸದಲ್ಲೇ ಅಡ್ಡಗಾಲು: 'ಒಪ್ಪುತ್ತೇನೆ' ಬಟನ್ ಉಬ್ಬುತ್ತಾ ತಗ್ಗುತ್ತಾ ಕರೆಯುತ್ತಿರುತ್ತದೆ, 'ಬೇಡ' ಎಂಬುದು ಬೂದು ಬಣ್ಣದಲ್ಲಿ ಮೂಲೆಯಲ್ಲಿ ಮಸುಕಾಗಿರುತ್ತದೆ.
* ಪದೇಪದೇ ಕಾಡುವುದು: ಒಂದು ಸಲ ಬೇಡ ಎಂದರೂ ಅದೇ ಚೌಕ ಮತ್ತೆ ಮತ್ತೆ ಜಿಗಿದು ಬರುತ್ತದೆ.

ಕ್ಷಣಗಣನೆಯೇ ತಪ್ಪು ಎಂದು ನಿಯಮ ಹೇಳುವುದಿಲ್ಲ. ರೈಲು ಟಿಕೆಟ್ ಕಾದಿರಿಸುವಾಗ ಪಾವತಿಗೆ ಇಂತಿಷ್ಟೇ ನಿಮಿಷ ಎಂಬ ಮಿತಿ ನಿಜವಾಗಿಯೂ ಇದ್ದರೆ, ಅದನ್ನು ಗಡಿಯಾರ ತೋರಿಸಿದರೆ ಅದು ಉಪಕಾರವೇ. ಸೊನ್ನೆ ಮುಟ್ಟಿದ ಮೇಲೆ ನಿಜವಾಗಿಯೂ ಏನಾದರೂ ಮುಗಿಯುತ್ತದೆಯೇ ಎಂಬುದೇ ಪರೀಕ್ಷೆ. ಮನೆಯಲ್ಲೇ ಇದನ್ನು ನೋಡಬಹುದು. ಗಡಿಯಾರ ಇಳಿಯುತ್ತಿರುವಾಗ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ ಅಥವಾ ಬೇರೆ ಫೋನಿನಲ್ಲಿ ಅದೇ ಪುಟ ನೋಡಿ. ಲೆಕ್ಕ ಮತ್ತೆ ಮೊದಲಿನಿಂದ ಶುರುವಾದರೆ, ಸೊನ್ನೆಯಾದ ಮೇಲೂ ಅದೇ ಬೆಲೆ ಇದ್ದರೆ, ಅನುಮಾನಕ್ಕೆ ಕಾರಣವಿದೆ.

2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ವೇದಿಕೆಗಳಿಗೆ ಸಲಹೆಯೊಂದನ್ನು ಹೊರಡಿಸಿ, ತಮ್ಮ ಆ್ಯಪ್‌ಗಳಲ್ಲಿ ಇಂಥ ತಂತ್ರಗಳಿವೆಯೇ ಎಂದು 3 ತಿಂಗಳೊಳಗೆ ತಾವೇ ಪರಿಶೀಲಿಸಿಕೊಳ್ಳುವಂತೆ ಸೂಚಿಸಿತು. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೀಡಬಹುದು. ಪರದೆಯ ವಿಡಿಯೊ ರೆಕಾರ್ಡ್ ಮಾಡಿಟ್ಟುಕೊಂಡರೆ ದೂರಿಗೆ ಬಲ ಬರುತ್ತದೆ. ಚಲನೆಯ ಮೋಸವನ್ನು ಒಂದು ಸ್ಥಿರ ಚಿತ್ರ ಪೂರ್ತಿ ಹಿಡಿದುಕೊಡಲಾರದು.

ಚಲನೆಯನ್ನು ಸಹಿಸಲಾಗದವರು

ನಿಜ ಹೇಳುವ ಅನಿಮೇಷನ್ ಕೂಡ ಎಲ್ಲರಿಗೂ ಹಿತವಲ್ಲ. ದೇಹದ ಸಮತೋಲನ ಕಾಯುವ ವ್ಯವಸ್ಥೆ ಒಳಕಿವಿಯಲ್ಲಿದೆ. 'ಚಲಿಸುತ್ತಿದ್ದೇವೆ' ಎಂದು ಕಣ್ಣು ಹೇಳಿ, 'ಇಲ್ಲ, ಕುಳಿತೇ ಇದ್ದೇವೆ' ಎಂದು ಒಳಕಿವಿ ಹೇಳಿದರೆ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದಿದಾಗ ಆಗುವುದೂ ಇಂಥದ್ದೇ ಗೊಂದಲ. 2013ರಲ್ಲಿ ಐಒಎಸ್ 7 ಬಂದಾಗ ಅದರ ಹಿಗ್ಗಿ ಕುಗ್ಗುವ ಚಲನೆಯಿಂದ ತಲೆಸುತ್ತು ಬರುತ್ತಿದೆ ಎಂದು ಹಲವರು ದೂರಿದರು. ಮುಂದಿನ ಅಪ್‌ಡೇಟ್‌ನಲ್ಲಿ ಆ ಚಲನೆಯನ್ನು ತಗ್ಗಿಸುವ ಅವಕಾಶವನ್ನು ಆ್ಯಪಲ್ ವಿಸ್ತರಿಸಬೇಕಾಯಿತು.

ಮಿನುಗುವ ಬೆಳಕು ಇನ್ನೂ ಅಪಾಯಕಾರಿ. 1997ರ ಡಿಸೆಂಬರ್ 16ರಂದು ಜಪಾನ್‌ನಲ್ಲಿ ಪ್ರಸಾರವಾದ ಪೊಕೆಮಾನ್ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಜಾಲತಾಣಗಳ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಎರಡು ನಿಯಮಗಳಿವೆ: ಯಾವುದೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು, ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನೇ ಆದರೂ ನಿಲ್ಲಿಸುವ ಬಟನ್ ಇರಬೇಕು. ಭಾರತದ ಸರ್ಕಾರಿ ಜಾಲತಾಣಗಳಿಗಾಗಿ ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಮಾರ್ಗಸೂಚಿಗೂ ಇದೇ ಮಾನದಂಡ ಆಧಾರ. ಹಾಗಿದ್ದರೂ ಎಡಕ್ಕೆ ಓಡುವ ಸಾಲು, 'ಹೊಸತು' ಎಂದು ಮಿನುಗುವ ಕೆಂಪು ಗುರುತು ಅನೇಕ ಇಲಾಖೆಗಳ ಜಾಲತಾಣದಲ್ಲಿ ಪರಿಚಿತವೇ.

ಪರದೆ ಚಲಿಸುವುದು ಒಂದು ಕಡೆಯಾದರೆ, ಬಳಕೆದಾರರೇ ಚಲಿಸಬೇಕೆಂದು ಪರದೆ ಕೇಳುವುದು ಇನ್ನೊಂದು ಕಡೆ. ಬ್ಯಾಂಕ್ ಖಾತೆ, ಸಿಮ್‌ಗಾಗಿ ಮೊಬೈಲಿನಲ್ಲೇ ನಡೆಯುವ ಕೆವೈಸಿಯಲ್ಲಿ 'ಕಣ್ಣು ಮಿಟುಕಿಸಿ' ಎಂಬ ಸೂಚನೆ ಬರುತ್ತದೆ. ಎದುರಿಗಿರುವುದು ಫೋಟೋ ಅಲ್ಲ, ಜೀವಂತ ವ್ಯಕ್ತಿ ಎಂದು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ. ಆದರೆ ಆ್ಯಸಿಡ್ ದಾಳಿಯಲ್ಲಿ ಕಣ್ಣುರೆಪ್ಪೆ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ದೃಷ್ಟಿಯಿಲ್ಲದವರಿಗೆ ತಮ್ಮ ಮುಖ ಚೌಕಟ್ಟಿನೊಳಗೆ ಬಂದಿದೆಯೇ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗಳು ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅಂಗವಿಕಲರಿಗೂ ಕೆವೈಸಿ ಸುಲಭವಾಗುವಂತೆ 20 ನಿರ್ದೇಶನಗಳನ್ನು ನೀಡಿತು. ಒಂದು ಪುಟ್ಟ ಚಲನೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿದ ವಿನ್ಯಾಸ ಎಷ್ಟು ಜನರನ್ನು ಬಾಗಿಲ ಹೊರಗೇ ನಿಲ್ಲಿಸಬಲ್ಲದು ಎಂಬುದನ್ನು ಈ ಪ್ರಕರಣ ದೇಶಕ್ಕೆ ತೋರಿಸಿತು.

ನೀವೇನು ಮಾಡಬಹುದು?

* ಐಫೋನ್: ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ', ಅದರಲ್ಲಿ 'ಮೋಷನ್', ಅಲ್ಲಿ 'ರೆಡ್ಯೂಸ್ ಮೋಷನ್' ಆನ್ ಮಾಡಿ.
* ಆ್ಯಂಡ್ರಾಯ್ಡ್: ಸೆಟ್ಟಿಂಗ್ಸ್‌ನ 'ಆಕ್ಸೆಸಿಬಿಲಿಟಿ' ವಿಭಾಗದಲ್ಲಿ 'ರಿಮೂವ್ ಅನಿಮೇಷನ್ಸ್' ಹುಡುಕಿ. ಕಂಪನಿಯಿಂದ ಕಂಪನಿಗೆ ಜಾಗ ತುಸು ಬದಲಾಗುತ್ತದೆ. ಹಳೇ ಫೋನ್ ಇದರಿಂದ ಚುರುಕಾದಂತೆಯೂ ಅನಿಸುತ್ತದೆ.
* ವಿಂಡೋಸ್ 11: 'ಆಕ್ಸೆಸಿಬಿಲಿಟಿ' ವಿಭಾಗದ 'ವಿಷುಯಲ್ ಎಫೆಕ್ಟ್ಸ್'ನಲ್ಲಿ ಅನಿಮೇಷನ್ ಆಫ್ ಮಾಡಬಹುದು.

ಈ ಆಯ್ಕೆ ಆನ್ ಇದೆ ಎಂಬುದನ್ನು ಬ್ರೌಸರ್ ಮೂಲಕ ಜಾಲತಾಣಗಳೂ ತಿಳಿದುಕೊಳ್ಳಬಹುದು. ಸರಿಯಾಗಿ ಮಾಡಿದ ತಾಣ ಆಗ ಜಾರುವ ಚಿತ್ರದ ಬದಲು ಸ್ಥಿರ ಚಿತ್ರ ತೋರಿಸುತ್ತದೆ. ಅಪ್ಪ ಅಮ್ಮ, ಅಜ್ಜ ಅಜ್ಜಿಯ ಫೋನಿನಲ್ಲಿ ಇದನ್ನು ಒಮ್ಮೆ ಆನ್ ಮಾಡಿ ನೋಡಿ, ಹಿತವೆನಿಸಿದರೆ ಹಾಗೇ ಬಿಡಿ.

ಆ್ಯಪ್ ಮಾಡುವವರಿಗೂ ಇಲ್ಲೊಂದು ಸರಳ ಅಳತೆಗೋಲು ಸಿಗುತ್ತದೆ. ಪ್ರತಿ ಅನಿಮೇಷನ್‌ಗೂ ಒಂದು ವಾಕ್ಯ ಬರೆಯಬೇಕು: 'ಇದು ಬಳಕೆದಾರರಿಗೆ ಏನು ಹೇಳುತ್ತಿದೆ?' ವಾಕ್ಯ ಬರೆಯಲಾಗದಿದ್ದರೆ ಆ ಚಲನೆ ಬೇಕಿಲ್ಲ. ಬರೆದ ವಾಕ್ಯ ಸುಳ್ಳಾಗಿದ್ದರೆ ಅದನ್ನು ಇಡಬಾರದು. ನಿಜವಾಗಿದ್ದರೂ, ಚಲನೆ ಕಾಣದವರಿಗೆ, ಸಹಿಸಲಾಗದವರಿಗೆ ಅದೇ ಮಾತನ್ನು ಅಕ್ಷರದಲ್ಲೋ ಧ್ವನಿಯಲ್ಲೋ ಹೇಳುವ ಇನ್ನೊಂದು ದಾರಿ ಇರಬೇಕು.

ಲಕ್ಷ್ಮೀನಗರದ ಚಹಾ ಅಂಗಡಿಯಾಗಲಿ, ಹುಬ್ಬಳ್ಳಿಯ ಖಾನಾವಳಿಯಾಗಲಿ, ಗ್ರಾಹಕರು ತಿರುಗಿಸಿದ ಪರದೆಯಲ್ಲಿ ಟಿಕ್ ಅರಳಿದ್ದನ್ನು ನೋಡಿ ಅಂಗಡಿಯವರು ಬಿಟ್ಟುಕೊಡುವುದು ತಮ್ಮ ದುಡಿಮೆಯ ಹಣವನ್ನು. ಹದಿನೈದು ರೂಪಾಯಿಯ ಚಹಾ ಇರಬಹುದು, ಹದಿನೈದು ಸಾವಿರದ ಸರಕು ಇರಬಹುದು. ಟಿಕ್ ಚೆಂದವಾಗಿ ಅರಳಿತೇ ಎಂಬುದು ಅವರಿಗೆ ಮುಖ್ಯವಲ್ಲ. ಕಟ್ಟೆಯ ಮೇಲಿನ ಪೆಟ್ಟಿಗೆ ಮಾತಾಡಿತೇ, ತಮ್ಮ ಖಾತೆಗೆ ಹಣ ಬಂತೇ ಎಂಬುದಷ್ಟೇ ಮುಖ್ಯ.